ಪ್ರೋಟೀನಿನ ಸಿಕ್ಕೂ ವೈರ್‌ಮನ್ನನ ಉಪಕಾರವೂ

ಕಾಣದ ವಸ್ತುವನ್ನು ಕಾಣಿಸುವೆನೆಂದು ಹೊರಟವನಿಗೆ ಕಾಣಬಾರದ್ದೆಲ್ಲ ಎದುರಾಗುವುದು ಲೋಕರೂಢಿ. ಜೀವರಸಾಯನದ ಅಧ್ಯಾಪಕನಾಗಿ ಮುಂಬಯಿಯಲ್ಲಿ ಮುದುಕನಾದ ನನಗಂತೂ ನಿತ್ಯಾನುಭವ. ಜೀವಮಾನವೆಲ್ಲ ಇಂಗ್ಲಿಷಿನಲ್ಲಿ ಹೇಳಿದ ಪ್ರೋಟೀನಿನ ಪಾಠವನ್ನು ಒಮ್ಮೆಯಾದರೂ ಕನ್ನಡದಲ್ಲಿ ಹೇಳಬೇಕೆಂಬುದು ನನ್ನ ಬಹುಕಾಲದ ಹಂಬಲ. ಬಾಂದ್ರಾದ ಕನ್ನಡ ಸಂಘವೊಂದು ಅದಕ್ಕೆ ಈಚೆಗೆ ಒಂದು ಭಾನುವಾರ ಅರ್ಧ ಗಂಟೆ ದಯಪಾಲಿಸಿತು.

೧. ಮನೆಯಲ್ಲಿ

ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರ. ಆ ಸರ ಸುತ್ತಿ ಮಡಿಚಿಕೊಂಡ ಬಗೆಯಲ್ಲೇ ಅದರ ಶಕ್ತಿಯೆಲ್ಲ ಅಡಗಿದೆ. ಇದನ್ನು ತೋರಿಸಲೆಂದು ಕಾಂದಿವಲಿಯ ಮನೆಯಲ್ಲಿ ಎಂಟು ದಿನ ಕುಳಿತು, ತಾಮ್ರದ ತಂತಿಗೆ ನೂರ ನಲವತ್ತೊಂದು ಮಣಿ ಪೋಣಿಸಿ, ಸುರುಳಿ ಸುತ್ತಿ, ಬಾಗಿಸಿ, ರಕ್ತದ ಹಿಮೋಗ್ಲೋಬಿನ್‌ನ ಒಂದು ಸರವನ್ನು ನಿರ್ಮಿಸಿದೆ. ಮನೆಯಾಕೆ ಕನ್ನಡಕ ಏರಿಸಿ ಬಗ್ಗಿ ನೋಡಿದಳು.

"ಇದು ನಮ್ಮ ಬಾಗಿಲ ತೋರಣದ ಮಣಿ ಅಲ್ವಾ ಮಾರಾಯ್ರೆ?"

"ಈಗ ಅದು ಅಮೈನೋ ಆಮ್ಲ."

"ಆಗ್ಲಿ. ದೀಪಾವಳಿಗೆ ಅದು ಪುನಃ ತೋರಣ ಆಗ್ಬೇಕು."

೨. ಲೋಕಲ್‌ನಲ್ಲಿ

ಬಾಂದ್ರಾಕ್ಕೆ ಹೊರಟ ಲೋಕಲ್ ರೈಲಿನಲ್ಲಿ ಮಾದರಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಪಕ್ಕದ ಕನ್ನಡಿಗರೊಬ್ಬರು ಇದೇನೆಂದು ವಿಚಾರಿಸಿದರು. "ಇಂಥ ನಾಲ್ಕು ಸರ ಸೇರಿದರೆ ಒಂದು ಹಿಮೋಗ್ಲೋಬಿನ್. ಅದರಲ್ಲಿ ಆಮ್ಲಜನಕಕ್ಕೆ ನಾಲ್ಕು ಆಸನ," ಎಂದೆ.

"ಮೂರು ಜನರ ಬೆಂಚಲ್ಲಿ ಒತ್ತಿಕೊಂಡು ಕೂರೋ ಫೋರ್ತ್ ಸೀಟ್ ಇದ್ದ ಹಾಗಾ?"

"ಹೌದು. ಆದರೆ ಇಲ್ಲಿ ಮೊದಲು ಕೂತವರೇ ಮುಂದೆ ಬರುವವರಿಗೆ ಅನುಕೂಲ ಮಾಡಿಕೊಡುತ್ತಾರೆ."

"ಗೊಣಗದೆ?"

"ಗೊಣಗದೆ."

"ಹಾಗಾದ್ರೆ ಅದು ನಮ್ಮ ವೆಸ್ಟರ್ನ್ ಲೈನಿಂದಲ್ಲ ಬಿಡಿ ಸಾರ್."

೩. ಸಭಾಂಗಣದಲ್ಲಿ

ಮಾದರಿಯನ್ನು ವೇದಿಕೆಯ ಮೇಜಿನ ಮೇಲಿಟ್ಟು ಅಧ್ಯಕ್ಷರೊಡನೆ ಚಹಾ ಕುಡಿದು ಬಂದೆ. ಮೈಕಿನ ತಂತಿ ಎಳೆಯಲು ಬಂದಿದ್ದ ವಿಜಯಪುರ ಕಡೆಯ ವೈರ್‌ಮನ್ ಸಾಹೇಬರು ಬೆವರೊರೆಸಿಕೊಳ್ಳುತ್ತ ನಿಂತಿದ್ದರು. ಮೇಜಿನ ಉದ್ದಕ್ಕೂ ನನ್ನ ಹಿಮೋಗ್ಲೋಬಿನ್ ನೆಟ್ಟಗೆ ಮಲಗಿತ್ತು.

"ಮಾಸ್ತರ್ರೀ, ನಿಮ್ಮ ವಾಯರ್ ಯಾರೋ ಪೂರಾ ಸಿಕ್ಕು ಮಾಡಿಟ್ಟಿದ್ರು. ಬಿಡಿಸೂದ್ರಾಗ ಬೆರಳು ಬಿದ್ದು ಹೋದ್ವು. ಈಗ ನೋಡ್ರಿ, ಒಂದೂ ಗಂಟಿಲ್ಲ!"

ಭಾಷಣಕ್ಕೆ ಐದು ನಿಮಿಷವಿತ್ತು. ನನ್ನ ಮುಖ ನೋಡಿ ಅವರ ಮುಖ ಬಾಡಿತು. "ತಪ್ಪಾತೇನ್ರಿ?"

"ಮೊಟ್ಟೆ ಬೇಯಿಸಿದಾಗ ಅದರ ಪ್ರೋಟೀನಿಗೆ ಒದಗುವ ಗತಿಯೂ ಇದೇ. ಬಿಡಿಸಿದವರೇ ಮಡಿಚಬೇಕು, ಬನ್ನಿ," ಎಂದು ಅವರನ್ನು ವೇದಿಕೆಗೆ ಎಳೆದುಕೊಂಡೆ.

ನಾನು ವಿವರಿಸುತ್ತ ಹೋದೆ, ಅವರು ಸ್ಕ್ರೂಡ್ರೈವರಿನ ಹಿಡಿಗೆ ತಂತಿ ಸುತ್ತುತ್ತ ಹೋದರು. ನನ್ನ ಎಂಟು ದಿನದ ಶ್ರಮಕ್ಕೆ ಒಲಿಯದಿದ್ದ ಸುರುಳಿ ಅವರ ಕೈಯಲ್ಲಿ ಅಚ್ಚೊತ್ತಿದಂತೆ ಮೂಡಿತು. ನೀಳವಾದ ಸರವೊಂದು ಕಣ್ಣೆದುರೇ ಪ್ರೋಟೀನಾದುದನ್ನು ಕಂಡು ಸಭೆ ಚಪ್ಪಾಳೆ ತಟ್ಟಿತು. ನನ್ನ ಹಂಬಲ ಕೈಗೂಡಿತ್ತು, ಕಣ್ಣು ಮಂಜಾಗಿತ್ತು.

ಶಾಲು ಹೊದಿಸಿಕೊಂಡು, ಫಲತಾಂಬೂಲ ಸ್ವೀಕರಿಸಿ ಹಿಂದಿರುಗಿ ನೋಡಿದೆ. ಮಾದರಿಯ ಜಾಗದಲ್ಲಿ ಮೂರು ಕಡೆ ಕಪ್ಪು ಟೇಪು ಬಿಗಿದ, ತಂತಿಯ ಅಚ್ಚುಕಟ್ಟಾದ ಬಂಡಲೊಂದಿತ್ತು.

"ಲೋಕಲ್‌ನಾಗ ಒಯ್ಯಾಕ ಸಲೀಸಾಗ್ಲಿ ಅಂತ," ಎಂದರು ಸಾಹೇಬರು, "ಮತ್ತ ಬಿಡಿಸೀನ್ರಿ, ಮಾಸ್ತರ್ರೀ!"