ಎರಡನೇ ಲೆವೆಲ್ಲಿನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಪಡಬಾರದು ಅಂತ ದಿನಾ ಬೆಳಿಗ್ಗೆ ಸ್ನಾನ ಮಾಡುವಾಗ ತೀರ್ಮಾನ ಮಾಡ್ತೀನಿ. ಆಫೀಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಏನಾದರೂ ಒಂದು ನಡೆದೇ ನಡೆಯುತ್ತೆ, ತೀರ್ಮಾನ ಅಲ್ಲಿಗೆ ಮುಗೀತು. ನನ್ನ ವಯಸ್ಸಿಗೆ ಬೇರೆಯವರಿಗೆ ಬಿಪಿ, ಶುಗರ್ ಬರುತ್ತೆ. ನನಗೆ ಬಂದಿರೋದು ಇದು.

ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡ್ತೀನಿ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ. ‘ಬಸ್ ಹೊರಟಿದೆ’, ‘ನಿಮ್ಮ ಟೆಸ್ಟ್ ರಿಪೋರ್ಟ್ ಬಂದಿದೆ’ ಅಂತ ಫೋನಿಗೆ ಮೆಸೇಜು ಬರುತ್ತಲ್ಲ, ಅದನ್ನು ಕಳಿಸುವ ಸಾಫ್ಟ್‌ವೇರು ನಮ್ಮದು. ಆ್ಯಪ್ ಮಾಡುವ ಡೆವಲಪರ್‌ಗಳು ಅದನ್ನು ತಮ್ಮ ಆ್ಯಪಿಗೆ ಜೋಡಿಸಿಕೊಳ್ಳಬೇಕು. ಹೇಗೆ ಜೋಡಿಸೋದು ಅಂತ ಕಾಲೇಜು, ವರ್ಕ್‌ಶಾಪು, ವಿಡಿಯೋ ಅಂತ ಊರೂರು ತಿರುಗಿ ಹೇಳಿಕೊಡೋದು ನನ್ನ ಕೆಲಸ. ಈ ಕೆಲಸಕ್ಕೆ ನಮ್ಮಲ್ಲಿ ನಾಲ್ಕು ಲೆವೆಲ್ಲು. ನಾನು ಎರಡನೇ ಲೆವೆಲ್ಲು. ಐದು ವರ್ಷ ಎರಡನೇ ಲೆವೆಲ್ಲಿನಲ್ಲೇ ಇದ್ದೆ. ಮೂರಕ್ಕೆ ಹೋಗಬೇಕು ಅನ್ನೋದು ಬಿಟ್ಟರೆ ನನಗೆ ಬೇರೆ ಆಸೆಯೇ ಇರಲಿಲ್ಲ. ದೇವರ ಮುಂದೆ ಕೈ ಮುಗಿದಾಗಲೂ ಬಾಯಿಗೆ ಬರ್ತಿದ್ದದ್ದು ಅದೇ.

ಹೀಗಿರುವಾಗ ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ಒಂದನೇ ಲೆವೆಲ್ಲಿಗೆ ಸೇರಿದಳು. ಊರ್ಡಿಗೆರೆ ಕಡೆಯವಳು. ಕಾಲೇಜಿನಲ್ಲಿದ್ದಾಗ ನನ್ನ ವರ್ಕ್‌ಶಾಪಿನಲ್ಲೇ ಕೂತು ಕಲಿತವಳು. “ಸಾರ್, ನಿಮ್ಮಿಂದಾನೇ ನಾನು ಈ ಲೈನಿಗೆ ಬಂದಿದ್ದು” ಅಂತ ಕಾಲಿಗೆ ಬೇರೆ ನಮಸ್ಕಾರ ಮಾಡಿದಳು. ನಾನೂ ದೊಡ್ಡ ಮನುಷ್ಯನ ಹಾಗೆ “ಚೆನ್ನಾಗಿ ಮುಂದೆ ಬಾಮ್ಮ” ಅಂತ ಆಶೀರ್ವಾದ ಮಾಡಿದೆ. ಮಾಡಬಾರದಿತ್ತು. ಜೀವಮಾನದಲ್ಲಿ ನನ್ನ ಆಶೀರ್ವಾದ ಫಲಿಸಿದ್ದು ಅದೊಂದೇ.

೧. ಗುಬ್ಬಿಯಲ್ಲಿ ಕೆಟ್ಟಿದ್ದು, ಕುಣಿಗಲ್ಲಿನಲ್ಲಿ ಕೆಡಿಸಿದ್ದು

ಅವಳ ಮೊದಲ ವರ್ಕ್‌ಶಾಪು ಗುಬ್ಬಿಯ ಒಂದು ಕಾಲೇಜಿನಲ್ಲಿ. ನಮ್ಮ ಡೆಮೊ ಹೇಗೆ ಅಂದರೆ, ಹಾಲ್‌ನಲ್ಲಿರುವವರ ನಂಬರೆಲ್ಲ ಹಾಕಿಕೊಂಡು, ಎಲ್ಲರೆದುರಿಗೇ ಕೋಡ್ ಬರೆದು ಬಟನ್ ಒತ್ತೋದು. ಎಲ್ಲರ ಫೋನೂ ಒಟ್ಟಿಗೆ ಟಿಣ್ ಅನ್ನಬೇಕು. ಅವಳು ಒತ್ತಿದಳು. ಒಂದೂ ಟಿಣ್ ಅನ್ನಲಿಲ್ಲ. ಇನ್ನೊಂದು ಸಲ ಒತ್ತಿದಳು. ಊಹೂಂ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಹಾಲು ಕುಡಿದಷ್ಟು ಸಂತೋಷ. ಮುಖ ಮಾತ್ರ ‘ಅಯ್ಯೋ ಪಾಪ’ ಅನ್ನೋ ಹಾಗೆ ಇಟ್ಟುಕೊಂಡಿದ್ದೆ.

ಆ ಹುಡುಗಿ ಒಂಚೂರೂ ಬೆವರಲಿಲ್ಲ. “ಬರ್ಲಿಲ್ಲ ಅಲ್ವಾ? ನಾಳೆ ನಿಮ್ಗೂ ಹಿಂಗೇ ಆಗುತ್ತೆ. ಬನ್ನಿ, ಯಾಕ್ ಬರ್ಲಿಲ್ಲ ಅಂತ ಸೇರ್ಕೊಂಡು ಹುಡುಕಾಣ” ಅಂದಳು. ಮುಕ್ಕಾಲು ಗಂಟೆ ಇಡೀ ಹಾಲ್ ಪತ್ತೇದಾರಿ ಮಾಡಿತು. ಕೊನೆಗೆ ಒಬ್ಬಳು ವಿದ್ಯಾರ್ಥಿನಿ “ಮೇಡಂ, ಆ ಸಾಲು!” ಅಂತ ಕೂಗಿದಳು. ತಿದ್ದಿ ಒತ್ತಿದ್ದೇ ತಡ, ಎಲ್ಲ ಫೋನೂ ಟಿಣ್. ಶಿಳ್ಳೆ, ಚಪ್ಪಾಳೆ. ಫೀಡ್‌ಬ್ಯಾಕ್ ಹಾಳೆಯಲ್ಲಿ ‘ತುಂಬಾ ಇಷ್ಟವಾದದ್ದು’ ಅನ್ನೋ ಕಡೆ ಮುಕ್ಕಾಲು ಜನ ಬರೆದಿದ್ದು ‘ಡೆಮೊ ಕೆಟ್ಟುಹೋಗಿದ್ದು’ ಅಂತ.

ನನ್ನ ಡೆಮೊಗಳೂ ಬೇಕಾದಷ್ಟು ಕೆಟ್ಟಿವೆ ಸ್ವಾಮಿ, ಒಬ್ಬರೂ ಶಿಳ್ಳೆ ಹೊಡೆದಿರಲಿಲ್ಲ. ಮುಂದಿನ ವಾರ ಕುಣಿಗಲ್ಲಿನಲ್ಲಿ ನನ್ನ ಸರದಿ. ಹಿಂದಿನ ದಿನವೇ ಕೂತು ಕೋಡನ್ನು ಬೇಕಂತಲೇ ಒಂದು ಕಡೆ ಕೆಡಿಸಿಟ್ಟೆ. ಎಲ್ಲರೆದುರು ಬಟನ್ ಒತ್ತಿದೆ, ಏನೂ ಬರಲಿಲ್ಲ. “ಬರ್ಲಿಲ್ಲ ಅಲ್ವಾ?” ಅಂತ ಅವಳ ಹಾಗೇ ನಕ್ಕೆ. ಆಮೇಲೆ ನೋಡಿದರೆ, ಎಲ್ಲಿ ಕೆಡಿಸಿದ್ದೆ ಅನ್ನೋದೇ ಮರೆತುಹೋಗಿದೆ! ಗುರುತು ಹಾಕಿಕೊಂಡಿರಲಿಲ್ಲ. ಹುಡುಕ್ತಾ ಹುಡುಕ್ತಾ ಸರಿಯಾಗಿದ್ದ ಮೂರು ಕಡೆ ತಿದ್ದಿದೆ. ಆಗ ಬರೋಕೆ ಶುರುವಾಯ್ತು ನೋಡಿ, ‘ನಮಸ್ಕಾರ ಕುಣಿಗಲ್’, ಒಬ್ಬೊಬ್ಬರಿಗೆ ಮೂವತ್ತು ನಲವತ್ತು ಸಲ. ನಿಲ್ಲಿಸೋದು ಹೇಗಂತ ತೋಚದೆ ಪ್ಲಗ್ ಕಿತ್ತೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತಲ್ಲ, ಅದು ನಮಸ್ಕಾರ ಹಾಕ್ತಾನೇ ಇತ್ತು. ಮುಂದಿನ ಬೆಂಚಿನವನೊಬ್ಬ ಎದ್ದು ನಿಂತು ತುಂಬ ವಿನಯದಿಂದ ಕೇಳಿದ: “ಸಾರ್, ಇದು ಪಾಠದಲ್ಲೇ ಇದೆಯಾ, ಇಲ್ಲಾ ನಿಜ್ವಾಗ್ಲೂ ಕೆಟ್ಟೋಯ್ತಾ?”

೨. ಒಂದೇ ಒಂದು ಕಾಮೆಂಟು

ವರ್ಷ ತಿರುಗುವಷ್ಟರಲ್ಲಿ ಅವಳು ಎರಡನೇ ಲೆವೆಲ್ಲಿಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಳು. ವಿಡಿಯೋ ಮಾಡೋಕೆ ಶುರುಮಾಡಿದಳು. ಒಂದೊಂದೂ ನಾಲ್ಕು ನಿಮಿಷ. ಮಾತು ಎಲ್ಲ ಅವಳ ಊರಿನದೇ: “ಇಲ್ಲಿ ಕ್ಲಿಕ್ ಮಾಡಿ, ಬರ್ಲಿಲ್ವಾ, ಬುಡಿ, ಇನ್ನೊಂದ್ಸಲ ಮಾಡಾಣ.” ಇದನ್ನು ಯಾರು ನೋಡ್ತಾರೆ ಅಂತ ನಾನು ಮೂಗು ಮುರಿದೆ. ನೋಡಿದರಪ್ಪ, ನೋಡೇ ನೋಡಿದರು. ಹೆಬ್ಬೂರಿನಲ್ಲಿ ನಾವಿಬ್ಬರೂ ಬಸ್ಸಿಗೆ ನಿಂತಿದ್ದಾಗ ಇಬ್ಬರು ಹುಡುಗರು ಓಡಿಬಂದು, ಮೇಡಂ ಜೊತೆ ಒಂದು ಫೋಟೋ ಅಂದರು. ತೆಗೆಯೋಕೆ ಫೋನು ಕೊಟ್ಟಿದ್ದು ನನ್ನ ಕೈಗೆ. “ಅಂಕಲ್, ಸ್ವಲ್ಪ ಹಿಂದಕ್ಕೋಗಿ” ಅಂದರು. ಎಷ್ಟು ಹಿಂದಕ್ಕಪ್ಪಾ ಹೋಗೋದು, ಚರಂಡಿ ಇತ್ತು.

ನಾನೂ ಒಂದು ವಿಡಿಯೋ ಮಾಡಿದೆ. ಕೋಟು ಹಾಕಿಕೊಂಡು, ಪೂರ್ತಿ ಇಂಗ್ಲಿಷಿನಲ್ಲಿ, ಐವತ್ತು ನಿಮಿಷ. ಹಾಕಿದ ಮೇಲೆ ಫೋನು ಸೈಲೆಂಟಿಗಿಟ್ಟು ಕಾಮೆಂಟಿಗೆ ಕಾದೆ. ಸಂಜೆ ನಾಲ್ಕಕ್ಕೆ ಒಂದು ಬಂತು. ತೆಗೆದು ನೋಡಿದರೆ ನನ್ನ ಹೆಂಡತಿ: “ಎಷ್ಟು ಸಲ ಫೋನ್ ಮಾಡೋದು, ಬರೋವಾಗ ಕೊತ್ತಂಬರಿ ಸೊಪ್ಪು ತನ್ನಿ.” ಆ ಕಾಮೆಂಟಿಗೆ ಮೂರು ಲೈಕು ಬಂದಿತ್ತು. ವಿಡಿಯೋಗೆ ಒಂದು. ಅದನ್ನು ಒತ್ತಿದ್ದವಳು ಆ ಹುಡುಗಿ.

೩. ಮನೆಯಲ್ಲೂ

ಪಿಯುಸಿ ಓದುವ ಮಗಳಿಗೆ ಕಂಪ್ಯೂಟರ್ ಪಾಠ ಅರ್ಥವಾಗ್ತಿರಲಿಲ್ಲ. ಎರಡು ಭಾನುವಾರ ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟೆ. ಮೂರನೇ ಭಾನುವಾರ ಅವಳೇ ಬಂದು, “ಅಪ್ಪ, ಪೂರ್ತಿ ಅರ್ಥ ಆಗೋಯ್ತು” ಅಂದಳು. ನನಗೆ ಹೆಮ್ಮೆ. “ನೋಡ್ದಾ, ನಿಧಾನವಾಗಿ ಹೇಳ್ಕೊಟ್ರೆ ಎಲ್ಲಾ ಆಗುತ್ತೆ” ಅಂದೆ. “ಹೂಂ ಅಪ್ಪ, ನಿಮ್ ಆಫೀಸಿನ ಅಕ್ಕ ನಾಲ್ಕೇ ನಿಮಿಷಕ್ಕೆ ಹೇಳ್ಕೊಟ್ರು” ಅಂದಳು.

೪. ನಾನು ಹೇಳಿದ ಚಾಡಿ

ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರನ್ನಾದರೂ ಮೇಲಿನ ಲೆವೆಲ್ಲಿಗೆ ಹಾಕೋ ಮೊದಲು, ಪಕ್ಕದಲ್ಲಿ ಕೂರುವವರ ಕೈಲಿ ಅವರ ಬಗ್ಗೆ ಬರೆಸ್ತಾರೆ. ಅವಳನ್ನು ಮೂರಕ್ಕೆ ಹಾಕಬೇಕೋ ಬೇಡವೋ ಅಂತ ಫಾರಂ ನನ್ನ ಹತ್ತಿರವೇ ಬಂತು. ನಾನು ವರ್ಷಗಟ್ಟಲೆ ಕಾಯ್ತಿದ್ದ ಮೂರು! ಶಿವನೇ, ಇಂಥ ಪರೀಕ್ಷೆ ಶತ್ರುವಿಗೂ ಬೇಡ. ಆದರೂ ನ್ಯಾಯವಾಗಿ ನಡೆದುಕೊಳ್ಳಬೇಕು ಅಂತ ಹತ್ತು ನಿಮಿಷ ಸುಮ್ಮನೆ ಕೂತೆ. ಹನ್ನೊಂದನೇ ನಿಮಿಷಕ್ಕೆ ಚಾಡಿ ಬರೆದೆ.

ಸುಳ್ಳು ಬರೆಯಲಿಲ್ಲ. ಗೊತ್ತಿಲ್ಲದ್ದನ್ನು ‘ನಂಗ್ ಗೊತ್ತಿಲ್ಲ’ ಅಂತ ಎಲ್ಲರೆದುರೇ ಹೇಳಿಬಿಡ್ತಾಳೆ, ಕಂಪನಿಯ ಮರ್ಯಾದೆ ಏನಾಗಬೇಕು ಅಂತ ಬರೆದೆ. ದೊಡ್ಡ ದೊಡ್ಡ ಪದ ಬಳಸೋದೇ ಇಲ್ಲ, ಹೀಗಾದರೆ ಯಾರು ಬೇಕಾದರೂ ಕಲಿತುಬಿಡ್ತಾರೆ ಅಂತ ಬರೆದೆ. ವರ್ಕ್‌ಶಾಪ್ ಮುಗಿದ ಮೇಲೂ ಡೆವಲಪರ್‌ಗಳ ಜೊತೆ ಟೀ ಕುಡೀತಾ ಅವರ ಗೋಳು ಕೇಳಿ, ವಾಪಸ್ ಬಂದು ನಮ್ಮ ಸಾಫ್ಟ್‌ವೇರಿನಲ್ಲೇ ತಪ್ಪಿದೆ ಅಂತ ಎಂಜಿನಿಯರ್‌ಗಳ ತಲೆ ತಿಂದು ತಿದ್ದಿಸ್ತಾಳೆ ಅಂತಲೂ ಬರೆದೆ.

ಮಾರನೇ ದಿನ ಮ್ಯಾನೇಜರ್ ಕರೆದರು. ಫಾರಂ ಅವರ ಕೈಲಿತ್ತು, ಕಣ್ಣಲ್ಲಿ ನೀರು ಇತ್ತೋ ಏನೋ. “ಏನ್ರೀ ನೀವು, ಮೂರನೇ ಲೆವೆಲ್ಲಿಗೆ ಏನೇನು ಬೇಕೋ ಅಷ್ಟನ್ನೂ ಒಂದೊಂದಾಗಿ ಬರೆದಿದೀರಲ್ರೀ. ನಿಮಗೇ ಸಿಗದೆ ಇರೋದನ್ನ ಇನ್ನೊಬ್ಬರಿಗೆ ಕೊಡ್ಸೋಕೆ ಎಂಥಾ ದೊಡ್ಡ ಮನಸ್ಸು ಬೇಕು!” ಅಂದರು. ಅವಳಿಗೆ ಮೂರು ಆಯ್ತು. ನನ್ನ ದೊಡ್ಡ ಮನಸ್ಸಿಗೆ ಆಫೀಸಿನಲ್ಲಿ ಚಪ್ಪಾಳೆ ತಟ್ಟಿಸಿ, ಎಲ್ಲರಿಗೂ ಕಡ್ಲೆಬೀಜದ ಚಿಕ್ಕಿ ಹಂಚಿದರು. ನನಗೆ ಎರಡು ಕೊಟ್ಟರು.

೫. ಮೀರಿಸಿದವರ ಹೆಸರು

ಈ ವರ್ಷ ಕೊನೆಗೂ ನನ್ನ ಹೆಸರು ಮೂರಕ್ಕೆ ಹೋಯ್ತು. ಸೂಚಿಸಿದವಳು ಯಾರು ಅಂತ ಕೇಳಬೇಡಿ. ಅವಳೇ. “ಸಾರ್‌ಗೆ ಯಾವತ್ತೋ ಆಗ್ಬೇಕಿತ್ತು” ಅಂದಳಂತೆ. ಒಳ್ಳೆಯತನ ಮಾಡಿ ಮಾಡಿಯೇ ಸಾಯಿಸ್ತಾಳೆ ಇವಳು.

ಫಾರಂ ತುಂಬ್ತಾ ಬಂದೆ. ಒಂದು ಕಡೆ ನಿಂತುಹೋದೆ. ‘ನೀವು ಕಲಿಸಿದವರಲ್ಲಿ ನಿಮ್ಮನ್ನು ಮೀರಿಸಿದ ಒಬ್ಬರ ಹೆಸರು ಬರೆಯಿರಿ. ಅವರಿಗೆ ಫೋನ್ ಮಾಡಿ ವಿಚಾರಿಸಲಾಗುವುದು.’ ಅಲ್ಲಿ ಯಾರ ಹೆಸರು ಬರೀಬೇಕು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ನನ್ನ ಕೈಯಾರೆ ಬರೀಲಾ? ಪ್ರಾಣ ಹೋದರೂ ಇಲ್ಲ. ಹೆಂಡತಿಗೆ ಹೇಳಿದೆ. “ಅವಳ್ ಹೆಸ್ರು ಬರ್ದು ತೊಲಗ್ಸಿ. ಐದ್ ವರ್ಷದಿಂದ ಮನೇಲಿ ಮೂರನೇ ಲೆವೆಲ್ಲು, ಮೂರನೇ ಲೆವೆಲ್ಲು ಅಂತ ಕೇಳಿ ಕೇಳಿ ನಂಗೆ ಸಾಕಾಗೋಗಿದೆ” ಅಂದಳು. ಇಲ್ಲ ಅಂದರೆ ಇಲ್ಲ.

ಯೋಚನೆ ಮಾಡಿ ಗುಬ್ಬಿಯ ಒಬ್ಬರ ಹೆಸರು ಬರೆದೆ. ಮೊದಲು ಬಸ್ ಏಜೆಂಟ್ ಆಗಿದ್ದವರು. ಹಿಂದೆ ನಾನು ನಡೆಸ್ತಿದ್ದ ಭಾನುವಾರದ ಕ್ಲಾಸಿಗೆ ಬಂದು ಕೋಡ್ ಬರೆಯೋದು ಕಲಿತು, ಈಗ ಪ್ರೈವೇಟ್ ಬಸ್ಸುಗಳಿಗೆ ಆ್ಯಪ್ ಮಾಡಿಕೊಡ್ತಾರೆ. ನನ್ನ ಕಂಡರೆ ‘ಮೇಷ್ಟ್ರೇ’ ಅಂತ ಎದ್ದು ನಿಲ್ಲುವ ಮನುಷ್ಯ. ಲ್ಯಾಪ್‌ಟಾಪ್ ಆನ್ ಮಾಡೋಕೇ ಒಂದು ದಿನ ಪೂರ್ತಿ ತಗೊಂಡಿದ್ದರು. ನನ್ನ ಬಗ್ಗೆ ನಾಲ್ಕು ಒಳ್ಳೆ ಮಾತಾಡ್ತಾರೆ, ನಿಜವಾಗಿ ಮೀರಿಸಿರೋದಿಲ್ಲ, ನನ್ನ ಮಾನವೂ ಉಳಿಯುತ್ತೆ. ಲೆಕ್ಕಾಚಾರ ಪಕ್ಕಾ ಇತ್ತು.

ಸಂದರ್ಶನದ ದಿನ ಮೇಜಿನ ಆಚೆ ಇಬ್ಬರು: ಮ್ಯಾನೇಜರ್ರು, ಅವಳು. ಮೂರನೇ ಲೆವೆಲ್ಲಿನವರು ಕೂತುಕೊಳ್ಳಬೇಕಂತೆ, ನಿಯಮ. ಮ್ಯಾನೇಜರ್ ನನ್ನೆದುರಿಗೇ ಗುಬ್ಬಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. “ನೀವು ನಿಮ್ಮ ಮೇಷ್ಟ್ರನ್ನ ಮೀರಿಸಿದೀರಂತೆ, ನಿಜಾನಾ?”

“ಮೀರ್ಸೋದಾ?” ಅಂತು ಫೋನು. “ಅದೇನ್ ದೊಡ್ ಕೆಲ್ಸ ಸಾರ್? ಎರಡ್ನೇ ವಾರಕ್ಕೇ ಆಯ್ತಲ್ಲ.”

ನಾನು ಗೋಡೆ ನೋಡಿದೆ.

“ಮೇಷ್ಟ್ರು ಬಾಳ ಒಳ್ಳೇವ್ರು. ಕ್ಲಾಸಲ್ಲಿ ಮಧ್ಯಕ್ಕೆ ಬಂದು ಸಿಗಾಕೊಂಡ್ಬುಡೋರು. ಪಾಪ ಬೆವರ್ತಾವ್ರಲ್ಲ ಅಂತ ನಾವೇ ಎದ್ದೋಗಿ ಸರಿ ಮಾಡ್ತಿದ್ವಿ. ಹಂಗೇ ಕಲ್ತಿದ್ದು ನಾವು. ನಮ್ ಬ್ಯಾಚಲ್ಲಿ ಎಲ್ರೂ ಮೀರ್ಸವ್ರೆ ಸಾರ್, ಒಬ್ಬನ್ನ ಬಿಟ್ಟು.”

“ಆ ಒಬ್ಬರು ಯಾಕೆ ಮೀರಿಸ್ಲಿಲ್ಲ?”

“ಅವನು ಎರಡ್ನೇ ವಾರ ಬರ್ಲೇ ಇಲ್ಲ.”

ಅವಳು ತುಟಿ ಕಚ್ಚಿಕೊಂಡು ತಲೆ ತಗ್ಗಿಸಿದಳು. ಭುಜ ಕುಣೀತಿತ್ತು. ಫೋನು ನಿಲ್ಲಿಸಲಿಲ್ಲ: “ಈಗ್ಲೂ ತಿಂಗ್ಳಿಗೊಂದ್ಸಲ ಫೋನ್ ಮಾಡ್ತಾರೆ. ‘ಇದು ನಿಂಗ್ ಗೊತ್ತಾ ನೋಡಾಣ, ಹೇಳು’ ಅಂತ ಪರೀಕ್ಷೆ ಮಾಡೋರಂಗೆ ಕೇಳ್ತಾರೆ. ನಾನು ಹೇಳ್ತೀನಿ. ‘ನಿಧಾನಕ್ಕೆ ಹೇಳು’ ಅಂತಾರೆ. ಬರ್ಕೋತಾ ಇರ್ತಾರೆ ಸಾರ್, ನಂಗ್ ಗೊತ್ತು. ಅವ್ರಿಗೆ ಹೇಳ್ಬೇಡಿ, ನೊಂದ್ಕೋತಾರೆ.”

ಮೂರನೇ ಲೆವೆಲ್ಲು ಬಂತು! ನಿಯಮದ ಪ್ರಕಾರ ಒಬ್ಬರು ಮೀರಿಸಿದ್ದರೆ ಸಾಕು. ನನ್ನದು ಬ್ಯಾಚಿಗೆ ಬ್ಯಾಚೇ ಮೀರಿಸಿತ್ತು. ಪತ್ರದಲ್ಲಿ ‘ಕಾರಣ’ ಅನ್ನೋ ಕಡೆ ಅವಳ ಅಕ್ಷರ: ‘ಇವರನ್ನು ಮೀರಿಸದೆ ಇವರ ತರಗತಿಯಿಂದ ಯಾರೂ ಹೊರಬರುವುದಿಲ್ಲ.’ ನಾಲ್ಕು ಸಲ ಓದಿದೆ, ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ. ಹೋಗಲಿ ಬಿಡು, ಕೊನೆಗೂ ಅವಳ ಸಮಕ್ಕೆ ಬಂದೆನಲ್ಲ, ಇನ್ನು ಹೊಟ್ಟೆಕಿಚ್ಚಿಗೆ ಕಾರಣವೇ ಇಲ್ಲ ಅಂತ ನೆಮ್ಮದಿಯಾಗಿ ಉಸಿರುಬಿಟ್ಟೆ. ಹೆಂಡತಿಗೆ ಫೋನ್ ಮಾಡಿ ಹೇಳಿದೆ, ಅವಳೂ ಉಸಿರುಬಿಟ್ಟಳು.

ಮಧ್ಯಾಹ್ನ ಊಟಕ್ಕೆ ಇಳಿಯುವಾಗ ನೋಟೀಸ್ ಬೋರ್ಡಿನಲ್ಲಿ ಇನ್ನೊಂದು ಪತ್ರ ಕಂಡಿತು. ಅವಳಿಗೆ ನಾಲ್ಕನೇ ಲೆವೆಲ್ಲು. ನಾಲ್ಕಕ್ಕೆ ಬೇಕಾದ ಅರ್ಹತೆ: ‘ವರ್ಷಗಟ್ಟಲೆ ನಿಂತಲ್ಲೇ ನಿಂತ ಒಬ್ಬರನ್ನು ಕೈ ಹಿಡಿದು ಮೇಲಕ್ಕೆ ತಂದಿರಬೇಕು.’ ಅದರ ಕೆಳಗೆ ಪುರಾವೆ ಅಂತ ನನ್ನ ಹೆಸರಿತ್ತು.