ಬಾದಾಮಿಯೂ ನನ್ನ ದನಿಯೂ

ನಾನು ಮೆತ್ತಗೆ ಮಾತನಾಡುವವಳು. ಇದನ್ನೊಂದು ಸದ್ಗುಣವೆಂದು ಹೇಳಿಕೊಳ್ಳುತ್ತಿಲ್ಲ. ಅದರಿಂದ ಆಗುವ ನಷ್ಟ ನನಗೇ ಗೊತ್ತು. ಹೋಟೆಲಿನಲ್ಲಿ ನಾನು ಎರಡನೇ ಸಲ ಕೇಳಿದ ಸಾಂಬಾರು ಇವತ್ತಿನವರೆಗೂ ನನ್ನ ಮೇಜಿಗೆ ಬಂದಿಲ್ಲ. ಬಸ್ಸಿನಲ್ಲಿ ನಾನು ಇಳಿಯಬೇಕೆಂದದ್ದು ಕಂಡಕ್ಟರಿಗೆ ಕೇಳಿಸುವಷ್ಟರಲ್ಲಿ ಮುಂದಿನ ನಿಲ್ದಾಣ ಬಂದಿರುತ್ತದೆ, ಹಾಗಾಗಿ ಆರ್.ಟಿ. ನಗರದ ನಮ್ಮ ಮನೆಗೆ ನಾನು ಸಾಮಾನ್ಯವಾಗಿ ಒಂದು ನಿಲ್ದಾಣದಷ್ಟು ಹಿಂದಕ್ಕೆ ನಡೆದು ಬರುತ್ತೇನೆ. ಹೆಬ್ಬಾಳದ ಬಳಿ ಬೀಜ ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ನನಗೆ ಕೆಲಸ. ನೂರು ಕಾಳು ಎಣಿಸಿ, ಒದ್ದೆ ಕಾಗದದ ಮೇಲಿಟ್ಟು, ಎಷ್ಟು ಮೊಳೆತವೆಂದು ಬರೆದಿಡಬೇಕು. ಕಾಳುಗಳಿಗೆ ಕೂಗಿ ಹೇಳಬೇಕಾದದ್ದು ಏನೂ ಇಲ್ಲದಿರುವುದರಿಂದ ಅಲ್ಲಿ ನನಗೆ ಒಳ್ಳೆಯ ಹೆಸರಿದೆ.

ಕುದುರೆ ಸವಾರಿ ಕಲಿಯಲು ಹೋದದ್ದೂ ಇದೇ ಧೈರ್ಯದ ಮೇಲೆ. ಕುದುರೆಗೆ ಸವಾರನ ಕಾಲಿನ ಒತ್ತಡ ಮತ್ತು ಲಗಾಮಿನ ಸಣ್ಣ ಸೆಳೆತ ಸಾಕು, ಮಾತು ಬೇಡ ಎಂದು ಎಲ್ಲೋ ಓದಿದ್ದೆ. ನನಗೆಂದೇ ಮಾಡಿದ ಕ್ರೀಡೆಯಿದು ಅನ್ನಿಸಿತು. ಬಾಗಲೂರಿನ ಆಚೆ ರಹಮತ್ ಸಾಹೇಬರ ಪುಟ್ಟ ಸವಾರಿ ಶಾಲೆಯಿದೆ. ಅರವತ್ತು ದಾಟಿದ ಸಾಹೇಬರು ಅಂಗಳದ ನಡುವೆ ನಿಂತು ಕೂಗುತ್ತಿದ್ದರು. ಬಾದಾಮಿ ಎಂಬ ಹದಿನೇಳು ವರ್ಷದ ಕಂದು ಹೆಣ್ಣು ಕುದುರೆಯ ಮೇಲೆ ಕುಳಿತು ನಾನು ಕಾಲು ಒತ್ತುತ್ತಿದ್ದೆ. ಅವಳು ಓಡು ಅಂದರೆ ಓಡುತ್ತಿದ್ದಳು, ನಿಲ್ಲು ಅಂದರೆ ನಿಲ್ಲುತ್ತಿದ್ದಳು. ಎಂಟು ತಿಂಗಳ ಕಾಲ ಇದೆಲ್ಲ ನನ್ನ ಕಾಲಿನ ಮಹಿಮೆಯೆಂದೇ ನಂಬಿದ್ದೆ.

ಒಂದು ಭಾನುವಾರ ಬೆಳಿಗ್ಗೆ, ಪಾಠದ ನಡುವೆ ಸಾಹೇಬರಿಗೆ ಫೋನು ಬಂತು. ಅವರು ಮಾತು ನಿಲ್ಲಿಸಿದ ಕೂಡಲೇ ಬಾದಾಮಿಯೂ ನಿಂತಳು. ನಾನು ಕಾಲು ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ. ಅವಳು ಬೇಲಿಯ ಮೇಲಿನ ಕಾಗೆಯನ್ನು ನೋಡುತ್ತಿದ್ದಳು. ಅಷ್ಟರಲ್ಲಿ ಸಿಲಿಂಡರ್ ತಂದುಕೊಡದ ಯಾರ ಮೇಲೋ ಸಾಹೇಬರಿಗೆ ಸಿಟ್ಟು ಬಂದು ದನಿ ಏರಿತು. ಬಾದಾಮಿ ಒಂದೇ ನೆಗೆತಕ್ಕೆ ನಾಗಾಲೋಟ ಹಿಡಿದಳು. ನನ್ನ ಸ್ಥಾನಮಾನ ಏನೆಂಬುದು ಆವತ್ತು ತಿಳಿಯಿತು. ಅವಳ ಬೆನ್ನ ಮೇಲೆ ನಾನೊಂದು ಸಾಮಾನು, ಅಷ್ಟೆ.

ಶಾಲೆಯ ಅಂಗಳದಲ್ಲಿ ಇದರಿಂದ ತೊಂದರೆಯಿರಲಿಲ್ಲ. ಸ್ಪರ್ಧೆಯಲ್ಲಿ ಇತ್ತು. ನಾನು ಹೊಸಬರ ನೆಗೆತದ ವಿಭಾಗಕ್ಕೆ ಹೆಸರು ಕೊಟ್ಟಿದ್ದೆ: ಮೊಣಕಾಲಿಗಿಂತ ತುಸು ಎತ್ತರದ ಎಂಟು ಅಡ್ಡಗೋಲುಗಳನ್ನು ಕುದುರೆ ದಾಟಬೇಕು. ಅಲ್ಲಿ ಹೊರಗಿನವರು ಯಾರೂ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಗಂಟೆ ಬಾರಿಸಿ ಸವಾರನನ್ನು ಹೊರಗೆ ಕಳಿಸುತ್ತಾರೆ. ಮೊದಲ ಸಲ ಸಾಹೇಬರು ಬಾಯಿ ಮುಚ್ಚಿಕೊಂಡು ಕುಳಿತರು. ಬಾದಾಮಿ ಅವರನ್ನೇ ನೋಡುತ್ತ ನಿಂತಳು, ಗಡುವು ಮುಗಿಯಿತು, ಗಂಟೆ ಮೊಳಗಿತು. ಎರಡನೇ ಸಲ ಸಾಹೇಬರು ಕೆಮ್ಮಿದರು. ಅದು ಬಹಳ ಅರ್ಥಪೂರ್ಣವಾದ ಕೆಮ್ಮು. ಬಾದಾಮಿ ಅದಕ್ಕೆ ಎರಡು ಅಡ್ಡಗೋಲು ದಾಟಿದಳು. ತೀರ್ಪುಗಾರರಿಗೂ ಕೆಮ್ಮು ಅರ್ಥವಾಗಿ ಮತ್ತೆ ಗಂಟೆ ಮೊಳಗಿತು.

"ನೋಡಿ ಮೇಡಂ," ಅಂದರು ಸಾಹೇಬರು, "ರೂಲ್ಸಲ್ಲಿ ಸವಾರ ಕೂಗ್ಬೋದು. ನೀವ್ ಕೂಗಿ. ನಿಮ್ ದನಿ ನಿಮ್ ಗಂಟ್ಲೇ ದಾಟಲ್ಲ, ಕುದ್ರೆ ಕಿವಿ ತನಕ ಹೆಂಗ್ ಹೋಗತ್ತೆ? ಮೂರ್ನೇ ಸಲಾನೂ ಬೆಲ್ ಹೊಡೆದ್ರೆ ವಾಪಸ್ ನೆಲದ ಕೋಲು ದಾಟೋ ಬ್ಯಾಚಿಗೆ ಹಾಕ್ತೀನಿ." ಆ ಬ್ಯಾಚಿನಲ್ಲಿರುವವರಿಗೆಲ್ಲ ಆರು ವರ್ಷ. ನನಗೆ ಇಪ್ಪತ್ತೇಳು, ಜೊತೆಗೆ ಎಂ.ಎಸ್ಸಿ.

ಬೆಂಗಳೂರಿನಲ್ಲಿ ಒಂಟಿಯಾಗಿ ಕೂಗಲು ಜಾಗ ಸಿಗುವುದು ಕಷ್ಟ. ಮನೆಯಲ್ಲಿ ಕೂಗಿದರೆ ಪಕ್ಕದವರು ಬರುತ್ತಾರೆ, ಕಚೇರಿಯಲ್ಲಿ ಕೂಗಿದರೆ ರಜೆ ಕೊಡುತ್ತಾರೆ. ಕೊನೆಗೆ ಸವಾರಿ ಶಾಲೆಗೆ ಹೋಗುವ ದಾರಿಯಲ್ಲಿ, ಸ್ಕೂಟರಿನ ಮೇಲೆ, ಹೆಲ್ಮೆಟ್ಟಿನ ಒಳಗೆ ಅಭ್ಯಾಸ ಆರಂಭಿಸಿದೆ. ಹೆಬ್ಬಾಳದ ಮೇಲ್ಸೇತುವೆಯ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲವಾದ್ದರಿಂದ ಸಂಕೋಚವೂ ಆಗಲಿಲ್ಲ. ಕೋಗಿಲು ಸಿಗ್ನಲ್ಲಿನಲ್ಲಿ ಮಾತ್ರ ಗದ್ದಲ ಒಮ್ಮೆಲೇ ನಿಂತಿತು, ನಾನು ನಿಲ್ಲಿಸಲಿಲ್ಲ. ಪಕ್ಕದ ಆಟೋದವರು ತಲೆ ಹೊರಗೆ ಹಾಕಿ, "ಯಾರಿಗ್ ಮೇಡಂ ಬೈತಿರೋದು?" ಅಂದರು.

"ಕುದುರೆಗೆ," ಅಂದೆ.

ಅವರು ನನ್ನ ಸ್ಕೂಟರನ್ನು ಒಂದು ಸುತ್ತು ನೋಡಿ, "ಬೈಯಿರಿ, ಬೈಯಿರಿ. ನಮ್ದೂ ಬೈಸ್ಕೊಂಡ್ರೇನೇ ಸ್ಟಾರ್ಟ್ ಆಗೋದು," ಅಂದರು.

ಮೂರನೇ ಸ್ಪರ್ಧೆ ಯಲಹಂಕದ ಕಡೆಯ ಒಂದು ಮೈದಾನದಲ್ಲಿ. ನಮ್ಮ ವಿಭಾಗಕ್ಕೆ ವಯಸ್ಸಿನ ಮಿತಿ ಇರಲಿಲ್ಲ. ಹಾಗೆಂದರೆ ಹನ್ನೊಂದು ಮಕ್ಕಳು ಮತ್ತು ನಾನು. ಹತ್ತು ವರ್ಷದ ಅನನ್ಯ ಎಂಬ ಹುಡುಗಿ ಬಂದು, "ಆಂಟಿ, ನಿಮ್ ಮಗು ಯಾವ ನಂಬರ್?" ಎಂದು ಕೇಳಿದಳು.

"ಏಳನೇ ನಂಬರ್ ನಾನೇ."

ಅವಳು ಸ್ವಲ್ಪ ಯೋಚಿಸಿ, "ಭಯ ಪಡ್ಬೇಡಿ ಆಂಟಿ. ಫಸ್ಟ್ ಟೈಮ್ ನಂಗೂ ಅಳು ಬಂದಿತ್ತು," ಎಂದು ಸಮಾಧಾನ ಹೇಳಿದಳು. ನನಗಿದು ಮೂರನೇ ಸಲವೆಂದು ಅವಳಿಗೆ ತಿಳಿಸುವ ಅಗತ್ಯ ಕಾಣಲಿಲ್ಲ.

ನನ್ನ ಸರದಿ ಬಂತು. ಸಾಹೇಬರು ಬೇಲಿಯ ಬಳಿ ಕುಳಿತು, ಮುನ್ನೆಚ್ಚರಿಕೆಯಾಗಿ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು, ಆಕಾಶದಲ್ಲಿ ಹೋಗುತ್ತಿದ್ದ ವಿಮಾನ ನೋಡತೊಡಗಿದರು. ಹೊರಡುವ ಗಂಟೆಯಾಯಿತು. "ಬಾದಾಮಿ, ಹೋಗೋಣ್ವಾ?" ಅಂದೆ. ಅವಳ ಒಂದು ಕಿವಿ ಅರ್ಧ ತಿರುಗಿ ಮತ್ತೆ ಸಾಹೇಬರ ಕಡೆಗೇ ಹೋಯಿತು. ಬೇಲಿಯುದ್ದಕ್ಕೂ ಅಪ್ಪ ಅಮ್ಮಂದಿರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಇಷ್ಟು ಜನರೆದುರು ಕೂಗುವುದಕ್ಕಿಂತ ಆರು ವರ್ಷದವರ ಜೊತೆ ಕಲಿಯುವುದೇ ವಾಸಿಯೇನೋ ಎಂದು ನಿಜವಾಗಿಯೂ ಯೋಚಿಸಿದೆ. ಆಮೇಲೆ ಆ ಮಕ್ಕಳೂ ನನಗೆ ಸಮಾಧಾನ ಹೇಳುವುದು ಕಣ್ಣ ಮುಂದೆ ಬಂತು.

"ಚಲ್ ಬಾದಾಮೀ! ಏನ್ ನೋಡ್ತಾ ನಿಂತೆ, ಚಲ್ ಮಾ ಚಲ್!"

ಆ ದನಿ ಎಲ್ಲಿಂದ ಬಂತೆಂದು ನಾನೇ ತಿರುಗಿ ನೋಡುವವಳಿದ್ದೆ. ಪುರಸೊತ್ತಿರಲಿಲ್ಲ, ಬಾದಾಮಿ ಹೊರಟಾಗಿತ್ತು. ಒಂದು, ಎರಡು, ಮೂರು. "ಕಾಲ್ ಎತ್ತು ಮಾ," ಅಂದೆ, ಎತ್ತಿದಳು. ಆರನೆಯದು ದಾಟುವಷ್ಟರಲ್ಲಿ ಸಾಹೇಬರಿಂದ ಕಲಿತ ಮಾತುಗಳ ದಾಸ್ತಾನು ಮುಗಿಯಿತು. ಕೂಗು ನಿಂತರೆ ಕುದುರೆ ನಿಲ್ಲುತ್ತದೆ. ಬಾಯಿಗೆ ಬಂದದ್ದನ್ನು ಕೂಗಿದೆ. ನನ್ನ ಬಾಯಿಗೆ ಬರುವುದು ಬೀಜಗಳ ಹೆಸರು ಮಾತ್ರ. ತೊಗರಿಗೆ ಏಳನೆಯದನ್ನೂ ರಾಗಿಗೆ ಎಂಟನೆಯದನ್ನೂ ದಾಟಿ ಬಾದಾಮಿ ಗೆರೆ ಮುಟ್ಟಿದಳು. ಒಂದು ಕೋಲೂ ಬಿದ್ದಿರಲಿಲ್ಲ.

ಎಲ್ಲರಿಗಿಂತ ಕಡಿಮೆ ಸಮಯ ನಮ್ಮದೇ. ಮೊದಲ ಬಹುಮಾನ. ಹನ್ನೊಂದು ಮಕ್ಕಳನ್ನು ಸೋಲಿಸಿದ್ದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಬಹುಮಾನ ಕೊಡುವ ಮೆಟ್ಟಿಲ ಮೇಲೆ ನನ್ನ ಪಕ್ಕ ನಿಂತಿದ್ದ ಅನನ್ಯ, "ಆಂಟಿ, ನಿಮಗೆ ಅಷ್ಟೊಂದ್ ಕೋಪ ಯಾಕೆ?" ಎಂದು ಮೆಲ್ಲಗೆ ಕೇಳಿದಳು. ಸಾಹೇಬರು ಟವೆಲ್ಲು ತೆಗೆದು, "ಏನ್ ಬಾಯಿ ಮೇಡಂ ಅದು. ಕುದ್ರೆ ಬಿಡಿ, ನಾನೇ ಎದ್ದು ಓಡೋಕ್ ಹೋಗಿದ್ದೆ," ಅಂದರು. ಇಷ್ಟು ಸಂತೋಷದ ಹೊಗಳಿಕೆ ನನ್ನ ಪದವಿಗಳಿಗೂ ಸಿಕ್ಕಿರಲಿಲ್ಲ.

ಅನನ್ಯಳ ಅಮ್ಮ ವಿಡಿಯೋ ತೆಗೆದು ಕಳಿಸಿದ್ದರು. ಹನ್ನೊಂದು ಸಲ ನೋಡಿದೆ. ಅದರಲ್ಲಿ ಕುದುರೆ ಕಡ್ಡಿಯಷ್ಟು, ಕೂಗು ಮೈದಾನದಷ್ಟು. ಸಂಜೆ ಅಮ್ಮನಿಗೆ ತೋರಿಸುವ ಮೊದಲು ಫೋನಿನ ಧ್ವನಿಯನ್ನು ಪೂರ್ತಿ ಇಳಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು, ಎಂಟೂ ನೆಗೆತ ಮುಗಿಯುವವರೆಗೆ ಕಣ್ಣು ಕೀಳದೆ ನೋಡಿದಳು.

"ಎಂಥಾ ಸೂಕ್ಷ್ಮ ಕಣೇ ಆ ಕುದ್ರೆಗೆ," ಅಂದಳು. "ನೀನು ತುಟಿ ಪಿಟಕ್ ಅನ್ನಲ್ಲ, ಅದು ಎಲ್ಲಾ ಅರ್ಥ ಮಾಡ್ಕೊಳತ್ತೆ."

"ಹೂಂ, ಅವಳು ಹಾಗೇ," ಎಂದು ಹೇಳಿ, ಅಮ್ಮನ ಬೆರಳು ಧ್ವನಿಯ ಗುಂಡಿಯ ಹತ್ತಿರ ಹೋಗುವ ಮೊದಲೇ ಫೋನು ಇಸಿದುಕೊಂಡೆ.