ಸೂಜಿ ಒಲ್ಲದ ಅತ್ತೆ

ಪ್ರತಿ ವರ್ಷ ಬೀರಪ್ಪನ ಗುಡಿಗೆ ನಮ್ಮ ಮನೆಯ ಬೋನ, ಅಂದರೆ ನೈವೇದ್ಯದ ಗಡಿಗೆ, ಹೊರುವವಳು ನಾನು. ಒಳಗೆ ಮೊಸರನ್ನ, ಸುತ್ತ ಬೇವಿನ ಸೊಪ್ಪು, ಮೇಲೆ ದೀಪ. ಗಂಡ ತೀರಿಕೊಂಡಾಗ "ಇನ್ನು ಸೊಸೆ ಹೊರಲಿ" ಎಂದವರ ಬಾಯಿ ಮುಚ್ಚಿಸಿದವಳೂ ನಾನೇ. ಸೊಸೆ ದೇವಿಕಾಗೆ ಆ ಗಡಿಗೆಯ ಮೇಲೆ ಕಣ್ಣಿದೆ ಎಂಬುದು ನನ್ನ ಗುಮಾನಿ. (ಅವಳು ಎಂದೂ ಹಾಗೆ ಹೇಳಿಲ್ಲ. ಹೇಳದಿರುವುದೇ ಸಾಕ್ಷಿ.)

ಮಳೆಗಾಲಕ್ಕೆ ಮುಂಚೆ ನರ್ಸಮ್ಮ ಭುವನೇಶ್ವರಿ ಫ್ಲೂ ಜ್ವರದ ಸೂಜಿ ತಂದಳು. ಸೊಸೆ ತೋಳು ಚಾಚಿದಳು. ನಾನು ಹಣೆಗೆ ಹಚ್ಚಿದ್ದ ಬೀರಪ್ಪನ ಅರಿಶಿನ ಭಂಡಾರ ತೋರಿಸಿದೆ.

"ನಮ್ಮ ಸೂಜಿ ಇದೇ ತಾಯಿ. ಅಕಿ ಬೆನ್ನಿಗೆ ಒಂದೀಟು ಕೆಮ್ಮಣ್ಣು ಹಚ್ಚಿ ಹೋಗು, ಸೂಜಿ ಆದ ಕುರಿ ಅಂತ ಗುರ್ತಿರ್ಲಿ."

ಬೋನದ ದಿನ ಹತ್ತಿರ ಬಂದಾಗ ಸೊಸೆಗೇ ಜ್ವರ ಬಂತು. ರೋಗದ ಕುರಿಯನ್ನು ದೂರದಿಂದಲೇ ಗುರುತಿಸಿ ಹಟ್ಟಿಯ ಆಚೆ ಕಟ್ಟುವ ಮನೆತನದವಳಾದ ನಾನು, ಅಂದು ಅವಳ ದಿಂಬಿನ ಪಕ್ಕದಲ್ಲೇ ಸಿಂಹಾಸನಾರೂಢಳಾದೆ. ದೂರ ಕುಳಿತರೆ ಗೆದ್ದ ರುಚಿ ಹತ್ತುವುದು ಹೇಗೆ?

"ಸೂಜಿ ಎಲ್ಲಿ ಹೋಯ್ತವಾ, ಮೇಯಾಕ ಹೋಗೈತೇನು?"

"ಈ ವರ್ಷ ರೋಗದ ಹುಳ ವೇಷ ಬದಲ್ ಮಾಡೈತಂತ ಅತ್ತಿ. ಸೂಜಿ ಮಾಡಿದ್ದು ಬ್ಯಾರೆ ವೇಷ ನೋಡಿ. ಪೂರಾ ತಡಿಯಂಗಿಲ್ಲ, ಜೋರು ಕಮ್ಮಿ ಮಾಡಬೌದು ಅಂತ ನರ್ಸಮ್ಮ ಹೇಳ್ಯಾಳ."

"ಅಂದ್ರ ನಾರ್ವ ಊರಿನ ತೋಳಕ್ಕಂತ ಸಾಕಿದ ನಾಯಿ, ಗಟ್ಟು ಊರಿನ ತೋಳ ಬಂದ್ರ ಬಾಲ ಅಲ್ಲಾಡಸತೈತಿ."

"ಗುರ್ತು ಸಿಗದಿದ್ರೂ ಬೊಗಳತೈತಲ್ಲ. ನಾಕು ಕುರಿ ಹೋಗೋ ಕಡೆ ಒಂದು ಹೋಗತೈತಿ. ನೀವು ಸ್ವಲ್ಪ ದೂರ ಕುಂದರ್ರಿ ಅತ್ತಿ."

ನಾನು ಇನ್ನೂ ಹತ್ತಿರ ಸರಿದು ಅವಳ ಹಣೆಗೆ ಭಂಡಾರ ಬಳಿದೆ. ಅವಳು ಸೀನಿದಳು, ನೇರ ನನ್ನ ಮುಖಕ್ಕೆ.

ಸೊಸೆ ಬೇಗನೆ ಎದ್ದು ರೊಟ್ಟಿ ಬಡಿಯತೊಡಗಿದಳು. ನಾನು ಬಿದ್ದೆ. ಮನೆಯ ಕಂಬಳಿಗಳೆಲ್ಲ ನನ್ನ ಮೇಲಿದ್ದರೂ ಹಲ್ಲು ಕಟಕಟ. ಮಗ ಬೀರೇಶ ಮಕ್ತಲ್ ದವಾಖಾನೆಗೆ ಎತ್ತಿಕೊಂಡು ಹೋಗಿ ಸಲೈನ್ ಏರಿಸಿ ತಂದ. ಒಂದು ಸೂಜಿ ಒಲ್ಲೆ ಎಂದವಳಿಗೆ ಅಲ್ಲಿ ಎಷ್ಟು ಚುಚ್ಚಿದರೋ ಬೀರಪ್ಪನೇ ಬಲ್ಲ.

ಬೋನದ ದಿನ ಡೊಳ್ಳು ಬಾಗಿಲಿಗೆ ಬಂದರೂ ಏಳಲಾಗಲಿಲ್ಲ. ಸೊಸೆ ಗಡಿಗೆ ಹೊತ್ತಳು. "ಮೆಲ್ಲಕ ನಡಿ, ಕೆಡವಿ ಗಿಡವೀ" ಎಂದು ಹಾಸಿಗೆಯಿಂದಲೇ ರಾಜಾಜ್ಞೆ ಹೊರಡಿಸಿದೆ.

ಸಂಜೆ ಪೂಜಾರಿ ಎಲ್ಲಪ್ಪ ಪ್ರಸಾದ ತಂದು ಹೊಸ್ತಿಲಾಚೆಯೇ ನಿಂತ.

"ಯವ್ವಾ, ಈ ಸಲ ಬೋನ ತುಂಬಿದ್ದು ತುಂಬಿದಂಗ ಗುಡಿಗೆ ಬಂತು ನೋಡು. ನೀ ಹೊತ್ರ ಅರ್ಧ ಅನ್ನ ಚೆಲ್ಲಿ ದಾರಿ ಮಣ್ಣಿಗೇ ಉಣಸತಿದ್ದಿ. ಇನ್ಮ್ಯಾಲ ದೇವಿಕಾನೇ ಹೊರ್ಲಿ ಅಂತಾರ ಹಿರ್ಯಾರು. ನೀ ಏನಂತಿ?"

ಹೇಳಲು ನನ್ನ ಬಳಿ ಬಹಳ ಇತ್ತು. ಬಾಯಿ ತೆರೆದೆ, ಕೆಮ್ಮು ಬಂತು. ಅದು ನಿಲ್ಲುವ ಹೊತ್ತಿಗೆ ಎಲ್ಲಪ್ಪ ಅಂಗಳದಲ್ಲಿ ಎಲ್ಲರಿಗೂ, "ಮುದುಕಿ ಒಪ್ಯಾಳ" ಎಂದು ಸಾರಿಯಾಗಿತ್ತು.